ಕೆಸರಿಗೂ ಟಿಕೆಟ್ಟು

ಭಾಗಮಂಡಲದ ಚಹಾದಂಗಡಿ. ಹೊರಗೆ ಮೂರನೇ ದಿನದ ಮಳೆ. ಒಳಗೆ ಕಪ್ಪು ಟೀ ಶರ್ಟಿನ ಇಬ್ಬರು. ಶರ್ಟಿನ ಮೇಲಿನ ತಲೆಬುರುಡೆಗೆ ಒಗೆದೊಗೆದು ಹಲ್ಲೇ ಉಳಿದಿಲ್ಲ.

"2011ರ ಅಕ್ಟೋಬರ್ 30, ಬೆಂಗಳೂರು ಅರಮನೆ ಮೈದಾನ, ಮೆಟಾಲಿಕಾ ಬ್ಯಾಂಡು! ಮಳೆ ಬಂದು ಏನು ಕೆಸರು ಅಂತೀಯ!"

"ನಾನು 2007ರಲ್ಲೇ ಅಲ್ಲಿ ಐರನ್ ಮೇಡನ್ ನೋಡಿದವನು."

"ನೋಡಿದ್ಯಾ?"

"ಮುಂದಿನವನ ಬೆನ್ನು ನೋಡಿದೆ. ಕೇಳಿದ್ದು ಮಾತ್ರ ಪೂರ್ತಿ."

ಅಂಗಡಿಯ ಅಜ್ಜ ತಲೆಯೆತ್ತಿದರು. "ಕೆಸರಿಗೆ ದುಡ್ಡು ಕೊಟ್ರಾ? ಇನ್ನೆರಡು ದಿನ ಕೂತಿರಿ. ಸಂಗಮ ಉಕ್ಕಿದ್ರೆ ಬೆಂಚಿನ ಕೆಳಗೇ ಬಿಟ್ಟಿ ಬರುತ್ತೆ."

"ಇದು ಲೈವ್ ಅಜ್ಜಾ! ಆ ಜನ, ಆ ಕಾಯೋದು..."

"ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಮೇಲೆ ತಲಕಾವೇರಿಯಲ್ಲೂ ಕಾಯ್ತಾರೆ. ಗಳಿಗೆ ಮೊದಲೇ ಹೇಳಿರ್ತಾರೆ. ನಿಮ್ಮವರು ಹೇಳಿದ ಹೊತ್ತಿಗೆ ಬಂದ್ರಾ?"

ಇಬ್ಬರಿಗೂ ಚಹಾ ಬಿಸಿಯಾಯಿತು.

"ಗಿಟಾರ್ ಸೋಲೋ ಕೇಳಿದ್ದೀರಾ?"

"ಮದುವೆಮನೆ ವಾಲಗ ಕೇಳಿದ್ದೀಯಾ? ಕಿವಿ ಪಕ್ಕ ಕೊಂಬು ಊದಿದ್ರೆ ಕರೆಂಟೂ ಬೇಡ."

ಅಷ್ಟರಲ್ಲಿ ಕರೆಂಟು ಹೋಯಿತು. ಒಬ್ಬ ಫೋನಿನಲ್ಲಿ ಹಳೇ ವಿಡಿಯೊ ಹಾಕಿದ: ನಡುಗುವ ಕತ್ತಲು, ನೂರಾರು ಕೈ, ಯಾರದೋ ಕೆಮ್ಮು.

ಅಜ್ಜ ಕಿವಿಗೊಟ್ಟು ಕೇಳಿದರು. "ಕೆಮ್ಮು ಜೋರಾಗಿದೆ. ಒಳ್ಳೆಮೆಣಸಿನ ಕಷಾಯ ಮಾಡ್ಲಾ?"