ಒಂಬತ್ತು ಸಾವಿರ ರೂಪಾಯಿಯ ಪಾದ

ಫುಟ್‌ಬಾಲ್ ಕಲಿಯಲು ಮೊದಲು ಬೇಕಾದದ್ದು ಕ್ರೆಡಿಟ್ ಕಾರ್ಡು. ಚೆಂಡು, ಮೈದಾನ, ಜೊತೆಗಾರರು, ಇವೆಲ್ಲ ಆಮೇಲೆ ನೋಡಿಕೊಂಡರಾಯಿತು. ನಂಬಿಕೆ ಬಾರದಿದ್ದರೆ ಶನಿವಾರ ಬೆಳಿಗ್ಗೆ ಬೆಂಗಳೂರಿನ ಯಾವುದಾದರೂ ಹೊಸ ಬಡಾವಣೆಗೆ ಹೋಗಿ. ಹಸಿರು ಬಲೆ ಕಟ್ಟಿದ ಟರ್ಫ್‌ನ ಮುಂದೆ ಕಾರುಗಳು ಸಾಲುಗಟ್ಟಿರುತ್ತವೆ. ಒಂದೊಂದು ಕಾರಿನಿಂದ ಒಬ್ಬೊಬ್ಬ ಎಂಬಪೆ ಇಳಿಯುತ್ತಾನೆ. ವಯಸ್ಸು ಏಳು, ಉದುರಿದ ಮುಂದಿನ ಹಲ್ಲು ಇನ್ನೂ ಹುಟ್ಟಿಲ್ಲ, ಬೆನ್ನ ಮೇಲೆ ಹತ್ತನೇ ನಂಬರು, ಕಾಲಲ್ಲಿ ಕಿತ್ತಳೆ ಬಣ್ಣದ ಬೂಟು. ಹಿಂದೆಯೇ ಅಪ್ಪ ನೀರಿನ ಬಾಟಲಿ, ಬಾಳೆಹಣ್ಣು, ಶಿನ್‌ಗಾರ್ಡು ಹೊತ್ತು ಬರುತ್ತಾರೆ. ಟರ್ಫ್‌ನ ಅಂಚಿನಲ್ಲಿ ಮಂಡಿಯೂರಿ ಲೇಸು ಕಟ್ಟುವವರೂ ಅವರೇ. ಮಗನಿಗೆ ಸ್ಟೆಪ್‌ಓವರ್ ಬರುತ್ತದಂತೆ. ಲೇಸು ಕಟ್ಟಲು ಬರುವುದಿಲ್ಲ.

ಬೂಟಿನ ಅಂಗಡಿಯಲ್ಲಿ ನಡೆದ ಮಾತುಕತೆ ಹೆಚ್ಚುಕಡಿಮೆ ಹೀಗಿರುತ್ತದೆ.

"ಯಾವ ಗ್ರೌಂಡಲ್ಲಿ ಆಡ್ತಾರೆ ಸಾರ್?"

"ಅದೆಲ್ಲ ಆಮೇಲೆ. ಮೆಸ್ಸಿ ಹಾಕ್ಕೊಳ್ಳೋ ಸ್ಟಡ್ಸ್ ಇದ್ರೆ ತೋರಿಸಿ."

"ಅದು ಒಂಬತ್ತು ಸಾವಿರ ಆಗತ್ತೆ ಸಾರ್."

"ಆಗ್ಲಿ ಬಿಡಿ, ಮಗು ಭವಿಷ್ಯ. ಆದ್ರೆ ಒಂದು ಸೈಜ್ ದೊಡ್ಡದೇ ಕೊಡಿ, ಮುಂದಿನ ವರ್ಷಕ್ಕೂ ಬರಲಿ."

ಒಂಬತ್ತು ಸಾವಿರ ಎಣಿಸುವಾಗ ನಡುಗದ ಕೈ ಒಂದು ಸೈಜಿನ ಹತ್ತಿರ ಬಂದಾಗ ಜುಗ್ಗತನಕ್ಕೆ ಇಳಿಯುವುದನ್ನು ನೋಡಿಯೇ ಆನಂದಿಸಬೇಕು. ಮನೆಗೆ ಹೋದ ಮೇಲೆ ಬೂಟಿನ ತುದಿಗೆ ಹತ್ತಿ ತುರುಕಲಾಗುತ್ತದೆ. ಚೆಂಡು ಒದ್ದಾಗ ಮೊದಲು ಹತ್ತಿಗೆ ತಾಗಿ, ಆಮೇಲೆ ಬೆರಳಿಗೆ ಸುದ್ದಿ ಮುಟ್ಟುತ್ತದೆ. ಮೆಸ್ಸಿ ಇಂಥ ಬೂಟಿನಲ್ಲಿ ಆಡಿದ್ದರೆ ಇಷ್ಟು ಹೊತ್ತಿಗೆ ತನ್ನೂರು ರೊಸಾರಿಯೊದಲ್ಲಿ ಅಂಗಡಿ ಇಟ್ಟುಕೊಂಡಿರುತ್ತಿದ್ದ.

ಆ ಇಡೀ ವ್ಯಾಪಾರದಲ್ಲಿ ಬುದ್ಧಿವಂತಿಕೆಯ ಮಾತು ಒಂದೇ ಒಂದು, ಅದು ಅಂಗಡಿಯ ಹುಡುಗ ಕೇಳಿದ ಮೊದಲ ಪ್ರಶ್ನೆ. ಬೂಟಿನ ಜಾತಕ ಇರುವುದು ಅದರ ತಳದಲ್ಲಿ. ಡಬ್ಬದ ಮೇಲೆ ಎಫ್‌ಜಿ ಎಂದಿದ್ದರೆ ಗಟ್ಟಿ ನೆಲದ ಮೇಲೆ ಬೆಳೆದ ನಿಜವಾದ ಹುಲ್ಲಿಗೆ. ಎಸ್‌ಜಿ ಎಂದರೆ ಮಳೆ ನೆನೆದು ಮೆತ್ತಗಾದ ನೆಲಕ್ಕೆ, ಅದಕ್ಕೆ ತಿರುಗಿಸಿ ಕೂರಿಸುವ ಲೋಹದ ಸ್ಟಡ್ಡುಗಳು. ಎಜಿ ಕೃತಕ ಹುಲ್ಲಿಗಾಗಿ ಮಾಡಿದ್ದು. ಸ್ಟಡ್ಡು ಗಿಡ್ಡ, ಸಂಖ್ಯೆ ಜಾಸ್ತಿ. ಟಿಎಫ್‌ನ ತಳದ ತುಂಬ ಸಣ್ಣ ರಬ್ಬರ್ ಗುಬುಟುಗಳು. ಅದು ತೆಳು ಟರ್ಫ್‌ಗೂ ಗಟ್ಟಿ ಮಣ್ಣಿಗೂ ಒಗ್ಗುತ್ತದೆ, ಬೆಲೆಯೂ ಕಡಿಮೆ, ಹಾಗಾಗಿ ಮರ್ಯಾದೆಯೂ ಕಡಿಮೆ.

ಈಗ ನಮ್ಮೂರಿನ ನೆಲ ನೋಡಿ. ಮಕ್ಕಳ ಕಾಲಿಗೆ ಸಿಗುವುದು ಒಂದೋ ಕಲ್ಲಿನಷ್ಟು ಬಿರುಸಾದ ಕೆಂಪು ಮಣ್ಣು, ಇಲ್ಲವೇ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಪ್ಲಾಸ್ಟಿಕ್ ಹುಲ್ಲು. ನಿಜವಾದ ಹುಲ್ಲು ಇರುವ ಕಡೆ ಕಾವಲುಗಾರನೂ ಇರುತ್ತಾನೆ. ಆದರೂ ಶನಿವಾರದ ಎಂಬಪೆಗಳ ಕಾಲಲ್ಲಿ ಕಾಣುವುದು ಹೆಚ್ಚಾಗಿ ಎಫ್‌ಜಿ. ಯಾಕೆಂದರೆ ಟಿವಿಯಲ್ಲಿ ಕಾಣುವುದು ಅದು. ಮಾಡ್ರಿಡ್‌ನ ಹುಲ್ಲಿಗೆಂದು ಮಾಡಿದ ಬೂಟು ಮಾರತಹಳ್ಳಿಯ ಪ್ಲಾಸ್ಟಿಕ್ಕಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಮಂಡಿಗೆ ಕೇಳಬೇಕು. ಉದ್ದನೆಯ ಸ್ಟಡ್ಡು ಕೃತಕ ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ. ಇವರಿಬ್ಬರ ನಡುವಿನ ಜಗಳ ತೀರ್ಮಾನವಾಗುವುದು ಮಂಡಿಯಲ್ಲಿ. ಬಿರುಸು ಮಣ್ಣಿನ ಮೇಲಾದರೆ ಅದೇ ಸ್ಟಡ್ಡು ಕೆಳಗಿನಿಂದ ತಿವಿಯುತ್ತದೆ, ಬೆಳೆಯುವ ವಯಸ್ಸಿನ ಮಗು ಹಿಮ್ಮಡಿ ನೋವೆಂದು ಅಳುತ್ತದೆ. ಆಗ ಅಪ್ಪ ಅದಕ್ಕಿಂತ ದುಬಾರಿಯ ಬೂಟು ಹುಡುಕುತ್ತಾರೆ. ಲೋಹದ ಸ್ಟಡ್ಡಿನ ಎಸ್‌ಜಿಯನ್ನೇ ತಂದು, ಬಾಗಿಲಲ್ಲಿ 'ಮೆಟಲ್ ಸ್ಟಡ್ಸ್ ನಿಷೇಧ' ಎಂಬ ಬೋರ್ಡಿನ ಮುಂದೆ ಮ್ಯಾನೇಜರ್ ಜೊತೆ ಹಕ್ಕಿಗಾಗಿ ಹೋರಾಡುವವರೂ ಇದ್ದಾರೆ. ಮಳೆಗಾಲಕ್ಕೆ ಇರಲಿ ಅಂತ ತಗೊಂಡೆ ಎನ್ನುತ್ತಾರೆ. ಪ್ಲಾಸ್ಟಿಕ್ ಎಷ್ಟು ಮಳೆಗೆ ಕೆಸರಾಗುತ್ತದೋ ಅವರೇ ಹೇಳಬೇಕು.

ಬೂಟು ಆಟವನ್ನು ಗೆಲ್ಲಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 1954ರ ವಿಶ್ವಕಪ್ ಫೈನಲ್ ಬರ್ನ್‌ನಲ್ಲಿ ಸುರಿಯುವ ಮಳೆಯಲ್ಲಿ ನಡೆಯಿತು. ಪಶ್ಚಿಮ ಜರ್ಮನಿಯ ಬೂಟುಗಳಿಗೆ ಅಡಿಡಾಸ್ ಕಂಪನಿಯ ಆಡಿ ಡಾಸ್ಲರ್ ಬದಲಾಯಿಸಬಹುದಾದ ಸ್ಟಡ್ಡುಗಳನ್ನು ಮಾಡಿಕೊಟ್ಟಿದ್ದ. ಕೆಸರಿಗೆ ತಕ್ಕಂತೆ ಉದ್ದನೆಯವನ್ನು ಹಾಕಿಕೊಂಡು ಆಡಿದರು. ಎರಡು ಗೋಲು ಹಿಂದಿದ್ದವರು ಆ ಕಾಲದ ಅಜೇಯ ಹಂಗರಿಯನ್ನು 3-2ರಿಂದ ಸೋಲಿಸಿದರು. ಡಾಸ್ಲರ್ ಅವತ್ತು ಆಕಾಶ ನೋಡಿ ಬೂಟು ಕಟ್ಟಿದ. ನಮ್ಮವರು ಪೋಸ್ಟರ್ ನೋಡಿ ಕಟ್ಟುತ್ತಾರೆ.

ಇನ್ನು ತರಬೇತಿ. ಕಿತ್ತಳೆ ಬೂಟು ಒಳಗೆ ಹೋದ ಮೇಲೆ ಏನಾಗುತ್ತದೆ ಎಂದು ಬಲೆಯ ಹೊರಗೆ ನಿಂತು ಲೆಕ್ಕ ಹಾಕಿದರೆ ಮಜವಾಗಿರುತ್ತದೆ. ಒಂದು ಗಂಟೆಯ ಸ್ಲಾಟು. ವಾರ್ಮಪ್‌ಗೆ ಹತ್ತು ನಿಮಿಷ, ನೀರು ಕುಡಿಯಲು ಹತ್ತು, ಇನ್‌ಸ್ಟಾಗ್ರಾಂ ಫೋಟೋಗೆ ಐದು. ಮಿಕ್ಕಿದ್ದು ಮೂವತ್ತೈದು. ಇಪ್ಪತ್ತು ಮಕ್ಕಳು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಮುಂದೆ ಬಣ್ಣಬಣ್ಣದ ಕೋನುಗಳು. ಒಬ್ಬೊಬ್ಬನಿಗೆ ಅರ್ಧ ನಿಮಿಷ ಎಂದರೂ ಸರದಿ ಮತ್ತೆ ಬರಲು ಹತ್ತು ನಿಮಿಷ ಬೇಕು. ಅಂದರೆ ಮಗು ಗಂಟೆಯಲ್ಲಿ ಚೆಂಡು ಮುಟ್ಟುವುದು ಮೂರು ಸರದಿ, ಅದೃಷ್ಟವಿದ್ದರೆ ನಾಲ್ಕು. ಉಳಿದ ಹೊತ್ತೆಲ್ಲ ಕ್ಯೂನಲ್ಲಿ ನಿಲ್ಲುವ ತರಬೇತಿ. ಮುಂದೆ ಪಾಸ್‌ಪೋರ್ಟ್ ಆಫೀಸಿನಲ್ಲಿ ಉಪಯೋಗಕ್ಕೆ ಬಂದೀತು.

ತಿಂಗಳ ಕೊನೆಗೆ ರಿಪೋರ್ಟ್ ಕಾರ್ಡು ಬರುತ್ತದೆ: ಡ್ರಿಬ್ಲಿಂಗ್ ಎ, ಆಟಿಟ್ಯೂಡ್ ಎ ಪ್ಲಸ್. ಆಟಿಟ್ಯೂಡ್‌ನಲ್ಲಿ ಎ ಪ್ಲಸ್ ಬಾರದ ಮಗುವನ್ನು ನಾನಂತೂ ಕಂಡಿಲ್ಲ. ಚೆಂಡು ಬರುವ ಮೊದಲೇ ತಲೆ ತಿರುಗಿಸಿ ಯಾರು ಎಲ್ಲಿದ್ದಾರೆಂದು ನೋಡಿಕೊಳ್ಳುವುದು, ಬಂದ ಚೆಂಡನ್ನು ಮೊದಲ ಸ್ಪರ್ಶದಲ್ಲೇ ಹಿಡಿತಕ್ಕೆ ತರುವುದು, ಒಗ್ಗದ ಕಾಲಿನಲ್ಲೂ ನೆಟ್ಟಗೆ ಪಾಸು ಕೊಡುವುದು, ಇವಕ್ಕೆ ಆ ಕಾರ್ಡಿನಲ್ಲಿ ಕಾಲಮ್ಮೇ ಇಲ್ಲ. ಇವು ವಿಡಿಯೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ನೋಡಿ.

ಸೈಯದ್ ಅಬ್ದುಲ್ ರಹೀಂ ಎಂಬ ಹೈದರಾಬಾದಿನ ಮೇಷ್ಟ್ರೊಬ್ಬರಿದ್ದರು. ಸಿನಿಮಾದಲ್ಲಿ ಅಜಯ್ ದೇವಗನ್ ಸಿಗರೇಟು ಸೇದುತ್ತ ಅವರ ಪಾತ್ರ ಮಾಡಿದ್ದು ನಿಮಗೆ ನೆನಪಿರಬಹುದು. ಅವರು ಹುಡುಗರಿಗೆ ಒಗ್ಗದ ಕಾಲಿನಲ್ಲೇ ಆಡಬೇಕಾದ ಪಂದ್ಯಾವಳಿ ಇಡುತ್ತಿದ್ದರು. ಡ್ರಿಬಲ್ ಮಾಡಕೂಡದೆಂಬ ಪಂದ್ಯಾವಳಿಯನ್ನೂ ನಡೆಸಿದರು. ಅವರ ಕೈಕೆಳಗೆ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂತು, 1962ರಲ್ಲಿ ಜಕಾರ್ತದ ಏಷ್ಯನ್ ಗೇಮ್ಸ್‌ನಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಸೋಲಿಸಿ ಚಿನ್ನ ತಂತು. ಇವತ್ತು ರಹೀಂ ಸಾಹೇಬರು ನಮ್ಮ ಟರ್ಫ್‌ಗೆ ಬಂದು, "ಈ ತಿಂಗಳು ಎಲ್ಲರೂ ಎಡಗಾಲಲ್ಲಿ" ಎಂದು ಹೇಳಲಿ ನೋಡೋಣ. ಸಂಜೆಯೊಳಗೆ ಪೇರೆಂಟ್ಸ್ ವಾಟ್ಸಾಪ್ ಗುಂಪು ಹೊತ್ತಿ ಉರಿಯುತ್ತದೆ. "ನನ್ನ ಮಗ ರೈಟ್ ಫೂಟೆಡ್, ಆತ್ಮವಿಶ್ವಾಸ ಕುಗ್ಗುತ್ತಿದೆ." "ಬಲಗಾಲಿನ ಬೂಟು ಸವೆಯುತ್ತಲೇ ಇಲ್ಲ, ಹಣ ವೇಸ್ಟು." ಭಾನುವಾರಕ್ಕೆ ಹೊಸ ಕೋಚು.

ಈ ಅಪ್ಪಂದಿರಷ್ಟೇ ಅಪಾಯಕಾರಿ ಇನ್ನೊಬ್ಬರಿದ್ದಾರೆ, ಬರಿಗಾಲ ದೊಡ್ಡಪ್ಪ. ಮದುವೆ ಮನೆಯಲ್ಲಿ ಪಾಯಸದ ಹೊತ್ತಿಗೆ ಸಿಗುತ್ತಾರೆ. "ನಮ್ಮ ಕಾಲದಲ್ಲಿ ಬೂಟೂ ಇಲ್ಲ ಗೀಟೂ ಇಲ್ಲ ಕಣಯ್ಯಾ, ಬರಿಗಾಲಲ್ಲೇ ಬಿಳಿಯರ ನೀರಿಳಿಸಿದ್ವಿ" ಎನ್ನುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು ನಿಜ. ಭಾರತದ ಒಂದೇ ಗೋಲನ್ನು ಬೆಂಗಳೂರಿನ ಸಾರಂಗಪಾಣಿ ರಾಮನ್ ಹೊಡೆದದ್ದೂ ನಿಜ. ಆದರೆ ಫ್ರಾನ್ಸ್ 2-1ರಿಂದ ಗೆದ್ದಿತು, ನಾವು ಎರಡು ಪೆನಾಲ್ಟಿ ಕೈಚೆಲ್ಲಿದೆವು. ಪಾದದ ಬಗ್ಗೆ ಎಪ್ಪತ್ತೈದು ವರ್ಷದಿಂದ ಹಾಡಿ ಹೊಗಳುವವರು ಪೆನಾಲ್ಟಿಯ ಸುದ್ದಿ ಬಂದಾಗ ಇನ್ನೊಂದು ಸೌಟು ಪಾಯಸ ಹಾಕಿಸಿಕೊಳ್ಳುತ್ತಾರೆ. ನಾಲ್ಕೇ ವರ್ಷಕ್ಕೆ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಹಾಕಿತು. ನಮ್ಮದು ಒಂದು, ಹೊಡೆದವರು ಮತ್ತೆ ಬೆಂಗಳೂರಿನವರೇ, ಅಹ್ಮದ್ ಖಾನ್. ಅದಾದ ಮೇಲೆ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ದೊಡ್ಡಪ್ಪನಿಗೆ ಪ್ರಿಯವಾದ ಇನ್ನೊಂದು ಕತೆ, ಬರಿಗಾಲಿಗೆ ಒಪ್ಪಿಗೆ ಸಿಗದೆ ಭಾರತ 1950ರ ವಿಶ್ವಕಪ್ ಬಿಟ್ಟುಕೊಟ್ಟಿತು ಎಂಬುದು. ಬ್ರೆಜಿಲ್‌ಗೆ ಹೋಗದಿರಲು ಒಕ್ಕೂಟ ಕೊಟ್ಟ ನೆಪಗಳು ಬೇರೆಯೇ ಇದ್ದವು: ಅಭ್ಯಾಸಕ್ಕೆ ಸಮಯವಿಲ್ಲ, ತಂಡದ ಆಯ್ಕೆ ತಕರಾರು. ಪಾದವೇನೋ ಸಿದ್ಧವಿತ್ತು, ತಲೆ ಇರಲಿಲ್ಲ.

ಹೀಗೆ ಅಪ್ಪ ಬೂಟಿನಲ್ಲಿ ಆಟಗಾರನನ್ನು ಹುಡುಕುತ್ತಾರೆ, ದೊಡ್ಡಪ್ಪ ಬೂಟಿಲ್ಲದ್ದರಲ್ಲಿ. ಮಧ್ಯೆ ಹುಡುಗ ಕ್ಯೂನಲ್ಲಿ ನಿಂತಿದ್ದಾನೆ.

ಇದೇ ಊರಿನ ಗೌತಮಪುರಕ್ಕೆ, ಆಸ್ಟಿನ್ ಟೌನಿಗೆ ಒಂದು ಸಂಜೆ ಹೋಗಿಬನ್ನಿ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆ ಗಲ್ಲಿಗಳಲ್ಲಿ ಕೋನಿಲ್ಲ, ರಿಪೋರ್ಟ್ ಕಾರ್ಡಿಲ್ಲ. ಇಕ್ಕಟ್ಟು ಜಾಗದಲ್ಲಿ ಸ್ಕೂಟರು, ಗೋಡೆ, ಹಿರಿಯ ಹುಡುಗನ ಮೊಣಕೈ, ಎಲ್ಲವನ್ನೂ ತಪ್ಪಿಸಿಕೊಂಡು ಚೆಂಡು ಕಾಪಾಡಿಕೊಳ್ಳಬೇಕು. ಒಂದು ಸಂಜೆಗೆ ಎಷ್ಟು ಸಲ ಚೆಂಡು ಕಾಲಿಗೆ ಸಿಗುತ್ತದೆಂದು ಅಲ್ಲಿ ಯಾರೂ ಎಣಿಸುವುದಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ತಂದಿತು. ಟರ್ಫ್‌ನ ಮುಂದೆ ಕಾರು ನಿಲ್ಲಿಸಿದ ಅಪ್ಪಂದಿರನ್ನು ಆ ತಂಡದ ಒಬ್ಬನ ಹೆಸರು ಕೇಳಿ ನೋಡಿ. ರೊನಾಲ್ಡೊ ಬೂಟಿನ ಬಣ್ಣವನ್ನಾದರೆ ಸೀಸನ್‌ವಾರು ಹೇಳುತ್ತಾರೆ.

ಇಷ್ಟಕ್ಕೂ ಆ ಹುಡುಗ ಕ್ಯೂ ಬಿಟ್ಟು ಮನೆಯ ಹತ್ತಿರ ಆಡೋಣವೆಂದರೆ ಅಪಾರ್ಟ್‌ಮೆಂಟಿನ ಕೆಳಗೆ ಬೋರ್ಡು ನಿಂತಿದೆ: 'ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ'. ಹಾಕಿಸಿದ್ದು ಅಸೋಸಿಯೇಷನ್. ಅಸೋಸಿಯೇಷನ್‌ನ ಪದಾಧಿಕಾರಿಗಳು ಯಾರೆಂದರೆ ಅದೇ ಕಿತ್ತಳೆ ಬೂಟಿನ ಅಪ್ಪಂದಿರು. ಕಾರಿಗೆ ಗೀರು ಬೀಳುತ್ತದಂತೆ. ಆ ಕಾರಿನಲ್ಲೇ ಮಗನನ್ನು ಕೂರಿಸಿಕೊಂಡು ಏಳು ಕಿಲೋಮೀಟರ್ ಟ್ರಾಫಿಕ್ಕಿನಲ್ಲಿ ಹೋಗಿ, ದುಡ್ಡು ಕೊಟ್ಟು ಮೂರು ಸರದಿ ಚೆಂಡು ಮುಟ್ಟಿಸಿಕೊಂಡು ಬರುತ್ತಾರೆ.

ಆದ್ದರಿಂದ ಅಪ್ಪಂದಿರೇ, ಅಮ್ಮಂದಿರೇ, ಮುಂದಿನ ಸಲ ಅಂಗಡಿಗೆ ಸಂಜೆಯ ಹೊತ್ತು ಹೋಗಿ, ಪಾದ ಆಗ ಕೊಂಚ ಹಿಗ್ಗಿರುತ್ತದೆ. ಆಡುವಾಗ ಹಾಕುವ ಸಾಕ್ಸ್ ಜೊತೆಗಿರಲಿ, ಎರಡೂ ಕಾಲಿಗೆ ಹಾಕಿಸಿ ನಡೆಸಿ, ಓಡಿಸಿ. ಈ ವರ್ಷದ ಪಾದಕ್ಕೆ ಈ ವರ್ಷದ ಬೂಟು. ಪ್ಲಾಸ್ಟಿಕ್ ಟರ್ಫ್ ಆದರೆ ಎಜಿ ಅಥವಾ ಟಿಎಫ್, ಕೆಂಪು ಮಣ್ಣಾದರೆ ಟಿಎಫ್. ಅದಕ್ಕೆ ಒಂಬತ್ತು ಸಾವಿರ ಬೇಡ. ಮಿಕ್ಕಿದ್ದರಲ್ಲಿ ಒಂದು ಚೆಂಡು ತನ್ನಿ, ಎಂಟರಿಂದ ಹನ್ನೆರಡು ವರ್ಷದವರಿಗೆ ನಾಲ್ಕನೇ ಸೈಜು ಸಾಕು. ಮಗುವಿಗೆ ಒಂದು ಗೋಡೆ ತೋರಿಸಿ, ಎಡಗಾಲಲ್ಲಿ ಒದೆಯಲು ಹೇಳಿ ನೀವು ಒಳಗೆ ಹೋಗಿ ಕಾಫಿ ಕುಡಿಯಿರಿ. ಮುಂದಿನ ಅಸೋಸಿಯೇಷನ್ ಸಭೆಯಲ್ಲಿ ಆ ಬೋರ್ಡು ಕೀಳಿಸುವ ಠರಾವು ಮಂಡಿಸಿ. ಒಡೆಯುವ ಕಿಟಕಿ ಗಾಜಿನ ದುಡ್ಡನ್ನು ಬೂಟಿನಲ್ಲಿ ಉಳಿದ ಹಣದಲ್ಲೇ ಕೊಡಬಹುದು.