ಜಾಲತ್ಯಾಗ ಮೀಮಾಂಸೆ

ಈ ಶಾಸ್ತ್ರಕ್ಕೆ ಇರುವುದು ಒಂದೇ ಸೂತ್ರ: ‘ಇನ್ನೂ ಎಷ್ಟು ದಿನ?’ ಸೂತ್ರಕರ್ತೃ ನನ್ನ ಹೆಂಡತಿ. ಕಾಲ, ಸೆಮಿನಾರು ಮುಗಿಸಿ ನಾನು ಮನೆಗೆ ಬಂದ ಒಂದು ಭಾನುವಾರ ರಾತ್ರಿ. ಸ್ಥಳ, ಅಡುಗೆಮನೆಯ ಬಾಗಿಲು. ಸೂತ್ರವೆಂದರೆ ಅಕ್ಷರ ಕಡಿಮೆಯಿರಬೇಕು, ಸಂದೇಹಕ್ಕೆ ಎಡೆಯಿರಬಾರದು. ಇಲ್ಲಿ ಎರಡೂ ಸರಿಯಾಗಿವೆ. ಆದರೂ ಕ್ರಿಯಾಪದವಿಲ್ಲದ್ದರಿಂದ ಭಾಷ್ಯಕಾರನಿಗೆ ಸ್ವಲ್ಪ ಅವಕಾಶ ಸಿಗುತ್ತದೆ. ಏನು ಎಷ್ಟು ದಿನ? ಚೈನ್ ಲಿಂಕೋ, ಅಟ್ಟದ ಮೇಲಿನ ಹದಿನೇಳು ಡಬ್ಬ ಪ್ರೋಟೀನ್ ಪುಡಿಯೋ, ಸೂತ್ರಕರ್ತೃವಿನ ತಾಳ್ಮೆಯೋ? ಈ ಸಂದೇಹವನ್ನೇ ಹಿಡಿದುಕೊಂಡು ನಾನು ಮೂರು ವರ್ಷ ಕಳೆದಿದ್ದೇನೆ.

ಮೊದಲು ಪ್ರಮಾಣವಿಚಾರ. ಪ್ರತ್ಯಕ್ಷವೆಂದರೆ ಬ್ಯಾಂಕಿನ ಪಾಸ್‌ಬುಕ್ಕು. ಅದನ್ನು ಅಪ್‌ಲೈನ್ ಪರಂಪರೆ ‘ನೆಗೆಟಿವ್’ ಎಂದು ತಳ್ಳಿಹಾಕಿರುವುದರಿಂದ ಮುಂದೆ ಹೋಗೋಣ.

ಅನುಮಾನಕ್ಕೆ ನೈಯಾಯಿಕರು ಬೆಟ್ಟ, ಹೊಗೆ, ಬೆಂಕಿಯ ಉದಾಹರಣೆ ಕೊಡುತ್ತಾರೆ. ನಮ್ಮಲ್ಲಿ ಬೆಟ್ಟದ ಜಾಗಕ್ಕೆ ಅಟ್ಟ. ಎಲ್ಲೆಲ್ಲಿ ಡಬ್ಬವಿದೆಯೋ ಅಲ್ಲಲ್ಲಿ ಸಾಲವಿದೆ. ಈ ಅಟ್ಟದಲ್ಲಿ ಡಬ್ಬವಿದೆ. ನಿಗಮನವನ್ನು ಸೂತ್ರಕರ್ತೃ ಅಡುಗೆಮನೆಯಿಂದಲೇ ಕೂಗಿ ಹೇಳಿದರು.

ಅರ್ಥಾಪತ್ತಿ ಇನ್ನೂ ರುಚಿಯಾಗಿದೆ. ದೇವದತ್ತ ಹಗಲು ಊಟ ಮಾಡುವುದಿಲ್ಲ, ಆದರೂ ದಪ್ಪಗಿದ್ದಾನೆ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು ಎನ್ನುತ್ತಾರೆ ಮೀಮಾಂಸಕರು. ನಮ್ಮ ಅಪ್‌ಲೈನ್ ಸಾಹೇಬರು ಒಂದೇ ಒಂದು ಡಬ್ಬ ಮಾರಿದ್ದನ್ನು ಕಂಡವರಿಲ್ಲ, ಆದರೂ ಬಿಳಿ ಕಾರು ಕೊಂಡಿದ್ದಾರೆ. ಅವರ ಊಟ ಎಲ್ಲಿಯದು? ಸೆಮಿನಾರಿನ ಟಿಕೆಟ್ಟು, ‘ಯಶಸ್ಸಿನ ಗುಟ್ಟು’ ಸೀಡಿ, ನಾನು ಸೇರುವಾಗ ಕೊಂಡ ಕಿಟ್ಟು. ಒಟ್ಟಿನಲ್ಲಿ ಅವರ ರಾತ್ರಿಯೂಟ ನಾನೇ.

ಇನ್ನು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ‘ಆಪ್ತ’ ಎಂಬ ಪದ ಇಲ್ಲಿ ಬಹಳ ಅನಾಹುತ ಮಾಡಿದೆ. ಪ್ಲಾನ್ ತೋರಿಸಲು ಮನೆಗೆ ಬರುವವರು ಅಪರಿಚಿತರಲ್ಲ, ಯಾವಾಗಲೂ ಆಪ್ತರೇ. ಎದುರುಪಕ್ಷದ ಶಬ್ದಪ್ರಮಾಣವೂ ಇದೆ. ಜನರನ್ನು ಸೇರಿಸಿಯೇ ದುಡ್ಡು ಮಾಡುವ ಹಣಚಲಾವಣೆ ಯೋಜನೆಗಳನ್ನು 1978ರಲ್ಲೇ ಕೇಂದ್ರದ ಕಾಯ್ದೆ ನಿಷೇಧಿಸಿತು. ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ಕಟ್ಟಬಾರದೆಂದು 2021ರ ಡಿಸೆಂಬರಿನ ನಿಯಮಗಳು ಮತ್ತೊಮ್ಮೆ ಹೇಳಿದವು. ಇದನ್ನು ಮುಂದಿಟ್ಟಾಗ ಸಾಹೇಬರು ನಕ್ಕು, “ನಮ್ಮದು ಪಿರಮಿಡ್ ಅಲ್ಲ ಸಾರ್, ಮರ” ಎಂದು ಹಾಳೆಯ ಮೇಲೆ ಬರೆದು ತೋರಿಸಿದರು. ಹಾಳೆಯನ್ನು ಹೇಗೆ ತಿರುಗಿಸಿದರೂ ಅದು ತ್ರಿಕೋನವಾಗಿಯೇ ಕಂಡಿತು. ಅದು ನನ್ನ ದೃಷ್ಟಿದೋಷವಿರಬಹುದು.

ಆ ಹಾಳೆಯ ಲೆಕ್ಕವನ್ನೇ ಮುಂದುವರಿಸಿದೆ. ನಾನು ಆರು ಜನರನ್ನು ಸೇರಿಸಬೇಕು, ಅವರು ತಲಾ ಆರು. ಆರು, 36, 216, 1,296. ಇಲ್ಲಿಯವರೆಗೆ ನಮ್ಮ ಬಡಾವಣೆಯಲ್ಲೇ ಮುಗಿಯುತ್ತದೆ. ಎಂಟನೇ ಮೆಟ್ಟಿಲಿಗೆ 16,79,616. ಹತ್ತನೆಯದಕ್ಕೆ 6,04,66,176. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿದ್ದವರು ಸುಮಾರು 6 ಕೋಟಿ 11 ಲಕ್ಷ. ಮೇಲಿನ ಮೆಟ್ಟಿಲುಗಳವರನ್ನೂ ಕೂಡಿದರೆ ಏಳೂಕಾಲು ಕೋಟಿ ದಾಟುತ್ತದೆ. ಅಂದರೆ ಬೀದರಿನಿಂದ ಚಾಮರಾಜನಗರದವರೆಗೆ ತೊಟ್ಟಿಲ ಕೂಸುಗಳೂ ಕಿಟ್ ಕೊಂಡ ಮೇಲೆ, ಕೋಟಿಗೂ ಮಿಕ್ಕಿ ಜನರನ್ನು ನೆರೆರಾಜ್ಯಗಳಿಂದ ಕಡ ತರಬೇಕು. ಹದಿಮೂರನೇ ಮೆಟ್ಟಿಲಿನಲ್ಲಿ ಭೂಮಂಡಲವೇ ಸಾಲದು. ಪುಡಿಯನ್ನು ಯಾರು ಕುಡಿಯುತ್ತಾರೆಂಬ ಪ್ರಶ್ನೆಯನ್ನು ಗಣಿತ ಎತ್ತುವುದಿಲ್ಲ. ಪ್ಲಾನೂ ಎತ್ತುವುದಿಲ್ಲ.

ಪೂರ್ವಪಕ್ಷ: “ಇಷ್ಟು ಹಾಕಿ ಈಗ ಬಿಟ್ಟರೆ ಹಾಕಿದ್ದೆಲ್ಲ ಹೋಯಿತಲ್ಲ?” ಇದಕ್ಕೆ ಮೆಜೆಸ್ಟಿಕ್ ನ್ಯಾಯವೆಂದು ಹೆಸರು. ಒಂದು ಗಂಟೆ ಬಸ್ಸಿಗೆ ಕಾದವನು ಆಟೋ ಹತ್ತಲಾರ. ಹತ್ತಿದ ಗಳಿಗೆಯಲ್ಲೇ ಬಸ್ಸು ಬಂದುಬಿಟ್ಟರೆ ಎಂಬ ಭಯ. ಎರಡು ಗಂಟೆ ಕಾದವನಂತೂ ಅಲ್ಲೇ ಹಾಸಿಕೊಂಡು ಮಲಗುತ್ತಾನೆ. ಬಸ್ಸಿನ ನಂಬರನ್ನೇ ರದ್ದು ಮಾಡಿದ್ದಾರೆಂದು ಕಡಲೆಕಾಯಿ ಮಾರುವವನು ಹೇಳಿದರೆ, ಅವನೂ ನೆಗೆಟಿವ್.

ಇಷ್ಟಾದರೂ ತ್ಯಾಗ ಸಿದ್ಧಿಸಲಿಲ್ಲ. ಕಾರಣವನ್ನು ಯಾವ ಪ್ರಕರಣದಲ್ಲಿ ಸೇರಿಸಬೇಕೆಂದು ತಿಳಿಯದೆ ಇಲ್ಲಿ ಕೊನೆಗೆ ಇಟ್ಟಿದ್ದೇನೆ. ಮೇಲಿನವರನ್ನು ಬಿಡುವುದು ಸುಲಭ, ಫೋನ್ ಎತ್ತದಿದ್ದರೆ ಆಯಿತು. ಕೆಳಗಿನವರ ಗತಿಯೇನು? ನನ್ನ ಕೆಳಗಿರುವುದು ಒಬ್ಬನೇ, ಸೂತ್ರಕರ್ತೃವಿನ ತಮ್ಮ. ಅವನನ್ನು ಕೂರಿಸಿಕೊಂಡು ಪ್ಲಾನ್ ತೋರಿಸಿದ್ದು ನಾನು. ‘ನಂಬು, ಜೀವನ ಬದಲಾಗುತ್ತೆ’ ಎಂದದ್ದೂ ನಾನೇ. ಅವನು ಎಮ್ಮೆ ಮಾರಿ ಕಿಟ್ ಕೊಂಡ. ಯುಗಾದಿಗೆ ಬಂದಾಗಲೆಲ್ಲ ನಾವಿಬ್ಬರೂ ‘ಬಿಸಿನೆಸ್ ಹೇಗಿದೆ?’ ‘ಪಿಕಪ್ ಆಗ್ತಿದೆ’ ಎಂದು ಹೇಳಿಕೊಂಡು ಹೋಳಿಗೆ ತಿನ್ನುತ್ತೇವೆ. ಅತ್ತ ದರಿ, ಇತ್ತ ಪುಲಿ, ನಡುವೆ ಭಾವಮೈದುನ.

ಮೊನ್ನೆ ಅವನೇ ಫೋನ್ ಮಾಡಿದ. ಬಹಳ ಹೊತ್ತು ಮಳೆ, ಅಡಿಕೆ ರೇಟು ಎಂದೆಲ್ಲ ಮಾತಾಡಿ, “ಭಾವ, ಬೇಜಾರು ಮಾಡ್ಕೋಬ್ಯಾಡಿ. ನಂಗೆ ವರ್ಷದ ಹಿಂದೇನೇ ಬಿಡಬೇಕು ಅನ್ಸಿತ್ತು. ನಿಮಗೆ ನೋವಾಗುತ್ತೆ ಅಂತ ಸುಮ್ನಿದ್ದೆ” ಎಂದ.

ನಾನು ಗಂಟಲು ಸರಿಮಾಡಿಕೊಂಡು, ಪರವಾಗಿಲ್ಲಪ್ಪ, ನಿನ್ನಿಷ್ಟ, ಎಂದೆ.

“ಹಂಗಾದ್ರೆ ಡಬ್ಬಗಳನ್ನ ನಿಮ್ಮನೆಗೇ ಕಳಿಸ್ಲಾ? ಇಪ್ಪತ್ತೆರಡಿವೆ.”

ಸೂತ್ರಕರ್ತೃ ಏಣಿ ಹಾಕಿಕೊಂಡು ಅಟ್ಟದಲ್ಲಿ ಜಾಗ ನೋಡುತ್ತಿದ್ದಾರೆ.