‘ಐಟಂ ಜಾಸ್ತಿ ಇದೆ ಸಾರ್’: ಮನೆ ಸಾಗಿಸುವ ಮಹಾಶಯರಿಗೊಂದು ಬಹಿರಂಗ ಪತ್ರ

ಪ್ಯಾಕರ್ಸ್ ಅಂಡ್ ಮೂವರ್ಸ್ ಕಂಪನಿಗಳ ಸಮಸ್ತ ಮಾಲೀಕ ಮಹಾಶಯರಿಗೆ,

ವಿಜಯನಗರದ ಮೂರನೇ ಮಹಡಿಯ ಬಾಡಿಗೆದಾರನ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ನಾವು ಬೆಂಗಳೂರು ಬಿಟ್ಟು ಹುಬ್ಬಳ್ಳಿಗೆ ಹೊರಟಿದ್ದೇವೆ. ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಬಂದ ಮೇಲೆಯೇ ಹೊಸ ಮನೆಯಲ್ಲಿ ಹಾಲು ಉಕ್ಕಬೇಕೆಂದು ಅತ್ತೆಯವರ ಅಪ್ಪಣೆ. ಈ ಸುದ್ದಿ ಇನ್ನೂ ನೆಂಟರಿಗೇ ಮುಟ್ಟಿಲ್ಲ. ಆದರೆ ಒಂದು ಆ್ಯಪಿನಲ್ಲಿ ಫೋನ್ ನಂಬರ್ ಒತ್ತಿದ್ದೇ ತಡ, ನಿಮಗೆಲ್ಲ ಮುಟ್ಟಿಬಿಟ್ಟಿತು. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾಗುವ ‘ಸಾರ್, ಶಿಫ್ಟಿಂಗ್ ಇದೆಯಂತಲ್ಲಾ?’ ರಾತ್ರಿ ಊಟದ ತಟ್ಟೆಯವರೆಗೂ ಬರುತ್ತದೆ. ಎಲ್‌ಐಸಿ ಏಜೆಂಟರ ಕಾಲ ಮುಗಿದ ಮೇಲೆ ನನ್ನನ್ನು ಇಷ್ಟು ಅಕ್ಕರೆಯಿಂದ ವಿಚಾರಿಸಿಕೊಂಡವರಿಲ್ಲ.

ನೀವೆಲ್ಲ ಒಂದೇ ವಂಶದವರೆಂದು ಹೆಸರಿನಿಂದಲೇ ತಿಳಿಯುತ್ತದೆ. ಒಬ್ಬರಿಗೆ ಮುಂದೆ ‘ನ್ಯೂ’, ಇನ್ನೊಬ್ಬರಿಗೆ ಹಿಂದೆ ‘ಇಂಡಿಯಾ’, ಮತ್ತೊಬ್ಬರಿಗೆ ನಡುವೆ ಒಂದಕ್ಷರ ಹೆಚ್ಚು. ಎಲ್ಲರೂ ‘ಐಬಿಎ ಅಪ್ರೂವ್ಡ್’. ಐಬಿಎ ಎಂದರೆ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್. ಯಾವ ಸಾಗಣೆದಾರರ ಬಿಲ್ಟಿಯನ್ನು ಬ್ಯಾಂಕುಗಳು ನಂಬಬಹುದು ಎಂಬ ಪಟ್ಟಿ ಅದರ ಬಳಿ ಇದೆ. ‘ಆ ಪಟ್ಟಿಯಲ್ಲಿ ನಿಮ್ಮ ಹೆಸರು ಎಷ್ಟನೆಯದು?’ ಎಂದು ಕೇಳಿದರೆ ಸಾಕು, ಆ ಕ್ಷಣವೇ ನಿಮ್ಮ ನೆಟ್‌ವರ್ಕ್ ಹೋಗುತ್ತದೆ. ಈ ಪ್ರಶ್ನೆಗಾಗಿ ನಾನು ಐಬಿಎಗೆ ಚಿರಋಣಿ. ಮಧ್ಯಾಹ್ನದ ನಿದ್ದೆ ಉಳಿದಿದೆ.

‘ನೀವು ಏನೂ ಮಾಡೋದು ಬೇಡ ಸಾರ್, ಕಾಫಿ ಕುಡೀತಾ ಕೂತಿರಿ’ ಎನ್ನುತ್ತೀರಿ. ದೊಡ್ಡ ಮಾತು. ಆದರೆ ಗ್ಯಾಸ್ ಸಿಲಿಂಡರನ್ನು ನಿಮ್ಮ ಲಾರಿಗೆ ಹಾಕುವಂತಿಲ್ಲ, ಹಾಕಲೂಬಾರದು. ಅದನ್ನೂ ರೆಗ್ಯುಲೇಟರನ್ನೂ ಏಜೆನ್ಸಿಗೆ ಒಪ್ಪಿಸಿ, ಠೇವಣಿ ಹಿಂಪಡೆದು, ವರ್ಗಾವಣೆಯ ವೋಚರ್ ತರಬೇಕಾದವನು ನಾನು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ನೀರು ಬಸಿಯಬೇಕಾದವನೂ ನಾನೇ. ಮುಂದೆ ಬಾಗಿಲಿರುವ ವಾಷಿಂಗ್ ಮಷೀನ್ ಕೊಂಡಾಗ ಮೆಕ್ಯಾನಿಕ್ ಬಿಚ್ಚಿ ಕೈಗಿಟ್ಟಿದ್ದ ಉದ್ದನೆಯ ಬೋಲ್ಟುಗಳನ್ನು ಮತ್ತೆ ಹಾಕದಿದ್ದರೆ ದಾರಿಯುದ್ದಕ್ಕೂ ಅದರ ಡ್ರಮ್ಮು ಕುಣಿಯುತ್ತದೆ. ಆ ಬೋಲ್ಟುಗಳು ಎಲ್ಲಿವೆ ಎಂದು ಮನೆಯವರೆಲ್ಲ ಹುಡುಕುತ್ತಿದ್ದೇವೆ. ಒಡವೆ, ಪತ್ರ, ಔಷಧಿಗೆ ನೀವು ಜವಾಬ್ದಾರರಲ್ಲ. ಗಿಡಗಳನ್ನು ಒಲ್ಲೆ ಎನ್ನುತ್ತೀರಿ. ಕಾಫಿ ಕುಡಿಯಲು ಪುರುಸೊತ್ತು ಯಾವಾಗ ಎಂಬುದನ್ನೂ ಕೊಟೇಶನ್ನಿನಲ್ಲಿ ಬರೆದರೆ ಉಪಕಾರವಾದೀತು.

ಕೊಟೇಶನ್ ಎಂದಾಗ ನೆನಪಾಯಿತು. ನೀವು ವಾಟ್ಸ್ಆ್ಯಪಿನಲ್ಲಿ ಕಳಿಸಿದ ಆ ಹಾಳೆಯನ್ನು ಭಕ್ತಿಯಿಂದ ಓದಿದ್ದೇನೆ. ಅದರಲ್ಲಿ ‘ಆಕ್ಟ್ರಾಯ್, ಇದ್ದಲ್ಲಿ’ ಎಂಬ ಒಂದು ಸಾಲಿದೆ. ಕರ್ನಾಟಕ ಆಕ್ಟ್ರಾಯ್ ಸುಂಕವನ್ನು 1979ರಲ್ಲೇ ಕೈಬಿಟ್ಟಿತು. ಅದರ ಜಾಗಕ್ಕೆ ಬಂದ ಪ್ರವೇಶ ತೆರಿಗೆಯನ್ನು 2017ರಲ್ಲಿ ಜಿಎಸ್‌ಟಿ ನುಂಗಿತು. ಸತ್ತ ಸುಂಕವನ್ನು ಇಷ್ಟು ವರ್ಷ ಶ್ರಾದ್ಧ ತಪ್ಪಿಸದೆ ನೆನೆಯುತ್ತಿರುವ ನಿಮ್ಮ ಶ್ರದ್ಧೆ ದೊಡ್ಡದು. ಇನ್ನೊಂದು ಸಾಲು ‘ಎಫ್‌ಒವಿ ಶೇ. 3’. ಇದೇನೆಂದು ಕೇಳಿದಾಗ ‘ಇನ್ಶೂರೆನ್ಸ್ ಸಾರ್’ ಎಂದಿರಿ. ಯಾವ ವಿಮಾ ಕಂಪನಿ, ಪಾಲಿಸಿ ನಂಬರ್ ಯಾವುದು, ಸರ್ಟಿಫಿಕೇಟಿನಲ್ಲಿ ನನ್ನ ಹೆಸರಿರುತ್ತದೆಯೇ ಎಂದಾಗ ‘ನಾವಿದ್ದೀವಲ್ಲ ಸಾರ್’ ಎಂದಿರಿ. ಪಾಲಿಸಿ ಇಲ್ಲದ ವಿಮೆಗೆ ಬಾಯಿಮಾತು ಎಂಬ ಹಳೆಯ ಹೆಸರಿದೆ. ಅದಕ್ಕೆ ಶೇಕಡಾ ಮೂರು ತುಸು ದುಬಾರಿ. ಕೆಳಗೆ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ‘ಸರಕು ಮಾಲೀಕರ ಸ್ವಂತ ಜವಾಬ್ದಾರಿಯ ಮೇಲೆ’ ಎಂದಿದೆ. ಅದರ ಕೆಳಗೆ, ‘ವ್ಯಾಜ್ಯಗಳು ದೆಹಲಿ ನ್ಯಾಯಾಲಯಗಳ ವ್ಯಾಪ್ತಿಗೆ ಮಾತ್ರ’. ತುಮಕೂರು, ಚಿತ್ರದುರ್ಗ, ದಾವಣಗೆರೆ ಹಾದು ಹುಬ್ಬಳ್ಳಿ ಸೇರುವ ನನ್ನ ಮಂಚ ಕಾಲು ಮುರಿದುಕೊಂಡರೆ ಸಾಕ್ಷಿ ಹೇಳಲು ಯಮುನೆಯ ದಡಕ್ಕೆ ಹೋಗಬೇಕು! ತಮ್ಮ ಗಮನಕ್ಕೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ದೆಹಲಿ ನೋಡುವ ಆಸೆ ಸದ್ಯಕ್ಕಿಲ್ಲ.

ನಿಮ್ಮ ಕಸುಬಿನ ನಿಜವಾದ ಗುಟ್ಟು ಮಾತ್ರ ಆ ಹಾಳೆಯಲ್ಲಿಲ್ಲ. ಲೋಕದಲ್ಲಿ ಬೆಲೆ ತಿಳಿದ ಮೇಲೆ ವಸ್ತು ಕೈ ಬದಲಾಗುತ್ತದೆ. ನಿಮ್ಮಲ್ಲಿ ವಸ್ತು ಕೈ ಬದಲಾದ ಮೇಲೆ ಬೆಲೆ ತಿಳಿಯುತ್ತದೆ. ಲಾರಿ ನೆಲಮಂಗಲ ದಾಟುವವರೆಗೂ ನಾನು ‘ಸಾರ್’. ದಾಟಿದ ಮೇಲೆ ಫೋನ್ ಬರುತ್ತದೆ: ‘ಐಟಂ ಜಾಸ್ತಿ ಇದೆ ಸಾರ್. ದೊಡ್ಡ ಗಾಡಿ ಹಾಕಬೇಕಾಯ್ತು.’ ಆಮೇಲೆ, ‘ಚೆಕ್‌ಪೋಸ್ಟಲ್ಲಿ ಟ್ಯಾಕ್ಸ್ ಕೇಳ್ತಾವ್ರೆ.’ ಬಳಸಿದ ಗೃಹೋಪಯೋಗಿ ವಸ್ತುಗಳಿಗೆ ಇ-ವೇ ಬಿಲ್ಲೇ ಬೇಕಿಲ್ಲವೆಂದು ಜಿಎಸ್‌ಟಿ ನಿಯಮ ಹೇಳುತ್ತದೆ. ಆದರೆ ಅತ್ತೆಯವರ ದೇವರ ಪೆಟ್ಟಿಗೆಯನ್ನೂ ಮಗನ ಹತ್ತನೇ ಕ್ಲಾಸಿನ ಪುಸ್ತಕಗಳನ್ನೂ ಅಪರಿಚಿತ ಲಾರಿಗೆ ಹತ್ತಿಸಿ ಖಾಲಿ ಮನೆಯಲ್ಲಿ ನಿಂತವನಿಗೆ ಆ ನಿಯಮ ಆ ಹೊತ್ತಿಗೆ ನೆನಪಾಗಬೇಕಲ್ಲ. ನಮ್ಮ ಬೀದಿಯಲ್ಲಿ ಮನೆ ಬದಲಿಸಿದವರೆಲ್ಲ ಈ ಕಥೆಯನ್ನು ಬಾಯಿಪಾಠ ಒಪ್ಪಿಸುತ್ತಾರೆ. ಊರ ಹೆಸರು ಮಾತ್ರ ಬೇರೆ.

ಇಷ್ಟು ಓದಿ ನೀವು ಮನಸ್ಸಿನಲ್ಲೇ ‘ನೀವೇನು ಕಡಿಮೆಯೇ?’ ಎಂದಿರಬಹುದು. ಸತ್ಯ. ಸುಳ್ಳಿನಲ್ಲಿ ನಾವು ಗ್ರಾಹಕರು ಯಾರಿಗೂ ಬಿಟ್ಟುಕೊಡುವ ಜನವಲ್ಲ. ನಿಮ್ಮ ಹುಡುಗ ವಿಡಿಯೊ ಕಾಲಿನಲ್ಲಿ ಸರ್ವೆ ಮಾಡುವಾಗ ಫೋನು ಹಿಡಿದ ಕೈ ಹಾಲ್, ಅಡುಗೆಮನೆ, ಎರಡು ರೂಮು ಎಲ್ಲವನ್ನೂ ಸುತ್ತುತ್ತದೆ. ಅಟ್ಟದತ್ತ ಮಾತ್ರ ಏಳುವುದಿಲ್ಲ. ಅಟ್ಟದ ಮೇಲೆ ಹಿತ್ತಾಳೆ ಹಂಡೆ, ಎರಡು ಟ್ರಂಕು, ಕೆಟ್ಟ ಮಿಕ್ಸಿಗಳ ಒಂದು ಪೀಳಿಗೆ, ಟಿವಿ ಸತ್ತರೂ ಉಳಿದ ಟಿವಿ ಡಬ್ಬ. ಬಾಗಿಲ ಹಿಂದೆ ಒರಳುಕಲ್ಲು. ‘ಒಂದು ಹತ್ತು ಹದಿನೈದು ಬಾಕ್ಸ್ ಆಗಬಹುದು, ಅಷ್ಟೇ’ ಎನ್ನುತ್ತೇವೆ, ನಾಲ್ಕು ದಶಕದ ಸಂಸಾರವನ್ನು. ಗುಜರಿಯವನಿಗೆ ಕೊಡೋಣವೆಂದರೆ ಪ್ರತಿ ವಸ್ತುವಿನ ಹಿಂದೆಯೂ ಒಬ್ಬ ವಕೀಲ ಎದ್ದು ನಿಲ್ಲುತ್ತಾನೆ. ಕೊನೆಗೆ ತಗ್ಗಿದ ದನಿಯಲ್ಲಿ ‘ಬಿಲ್ ಬೇಡ ಅಂದ್ರೆ ಎಷ್ಟಾಗುತ್ತೆ?’ ಎಂದು ಕೇಳುವವರೂ ನಾವೇ. ಬಿಲ್ಲಿಲ್ಲದೆ ಬಂದ ಲಾರಿ ದಾರಿಯಲ್ಲಿ ನಿಂತಾಗ ಕಾನೂನು ಎಲ್ಲಿದೆ ಎಂದು ಕೂಗುವವರೂ ನಾವೇ.

ಹೀಗಾಗಿ ನಮ್ಮಿಬ್ಬರ ನಡುವಿನ ಎಸ್ಟಿಮೇಟು ಎರಡು ಸುಳ್ಳುಗಳ ಒಪ್ಪಂದ. ನಿಮ್ಮದು ದುಡ್ಡಿನದು, ನಮ್ಮದು ಭಾರದ್ದು. ನಮ್ಮಿಬ್ಬರ ಜಗಳ ಹೇಗೋ ಮುಗಿಯುತ್ತದೆ. ನೀವು ಐದು ಕೇಳಿ, ನಾನು ಎರಡು ಅಂದು, ಮೂರೂವರೆಗೆ ಕೈಮುಗಿಯುತ್ತೇವೆ. ಆದರೆ ಎರಡೂ ಸುಳ್ಳನ್ನು ಬೆನ್ನ ಮೇಲೆ ಹೊತ್ತು ಮೂರು ಮಹಡಿ ಇಳಿಯುವವನು ಬೇರೆ ಇದ್ದಾನೆ. ನಾವು ಪಟ್ಟಿಯಲ್ಲಿ ‘7 ಕೆಜಿ ವಾಷಿಂಗ್ ಮಷೀನ್’ ಎಂದು ಬರೆಸುತ್ತೇವೆ. 7 ಕೆಜಿ ಅದರೊಳಗೆ ಹಾಕುವ ಬಟ್ಟೆಯ ತೂಕ. ನಡುಗದೆ ನಿಲ್ಲಲೆಂದು ಒಳಗೆ ಕಾಂಕ್ರೀಟಿನ ದಿಮ್ಮಿ ಕೂರಿಸಿರುವ ಆ ಯಂತ್ರವೇ 60 ಕೆಜಿಗೂ ಮಿಗಿಲು. ಒಬ್ಬ ಗಂಡಾಳು ಕೈಯಾರೆ ಹೊರುವ ಹೊರೆಗೆ 55 ಕೆಜಿಯ ಗೆರೆ ಎಳೆದು, ಅದಕ್ಕಿಂತ ಹೆಚ್ಚಿದ್ದಲ್ಲಿ ಬೇಗ ಇಳಿಸಿ ಎಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲೇ ಶಿಫಾರಸು ಮಾಡಿತ್ತು. ನಮ್ಮ ವಠಾರದ ಮೆಟ್ಟಿಲಿಗೆ ಅದು ಇನ್ನೂ ತಲುಪಿಲ್ಲ. ಲಿಫ್ಟ್ ಇರುವ ಅಪಾರ್ಟ್‌ಮೆಂಟಿನಲ್ಲೂ ‘ಶಿಫ್ಟಿಂಗಿಗೆ ಲಿಫ್ಟ್ ಬಳಸುವಂತಿಲ್ಲ’ ಎಂಬ ಬೋರ್ಡು ನೇತುಬಿದ್ದಿರುತ್ತದೆ. ಗ್ರಾನೈಟಿಗೆ ಗೀರು ಬೀಳಬಾರದಲ್ಲ, ಸೊಂಟಕ್ಕೆ ಬಿದ್ದರೆ ಕಾಣುವುದಿಲ್ಲ.

ಒಡಿಶಾದಿಂದಲೋ ಬಿಹಾರದಿಂದಲೋ ರಾಯಚೂರಿನಿಂದಲೋ ಬಂದ ಆ ಹುಡುಗ ಕೊನೆಯ ಡಬ್ಬ ಇಳಿಸಿ ‘ಚಾಯ್‌ಪಾನಿ ಸಾರ್’ ಎಂದಾಗ ನಮಗೆ ಸಿಟ್ಟು ಬರುತ್ತದೆ: ‘ಲೋಡಿಂಗ್-ಅನ್‌ಲೋಡಿಂಗ್ ಅಂತ ಬಿಲ್ಲಿನಲ್ಲೇ ಹಾಕಿದಾರಲ್ಲಪ್ಪ!’ ಹಾಕಿದ್ದೀರಿ, ನಾನೂ ನೋಡಿದ್ದೇನೆ. ಆ ಸಾಲಿನ ಹಣ ಅವನ ಜೇಬಿಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಈ ಪತ್ರಕ್ಕೆ ಬರೆಯುವ ಉತ್ತರದಲ್ಲಿ ತಿಳಿಸಿ. ‘ಕಂಪನಿ ಪಾಲಿಸಿ ಸಾರ್’ ಎಂಬುದು ಉತ್ತರವಲ್ಲ.

ಆದ್ದರಿಂದ ನನ್ನ ಷರತ್ತುಗಳು ಹೀಗಿವೆ. ಫೋನಿನಲ್ಲಿ ಬೇಡ, ಮನೆಗೇ ಬನ್ನಿ. ಅಟ್ಟ ತೆಗೆದು ತೋರಿಸುತ್ತೇನೆ, ಒರಳುಕಲ್ಲನ್ನು ಬಾಗಿಲ ಹಿಂದಿನಿಂದ ಎಳೆದು ಮುಂದಿಡುತ್ತೇನೆ. ಪ್ರತಿ ಭಾರದ ವಸ್ತುವಿನ ಮುಂದೆ ಅದರ ನಿಜವಾದ ತೂಕವನ್ನು ಬರೆದುಕೊಳ್ಳಿ, ತಕ್ಕಷ್ಟು ಆಳು ಕಳಿಸಿ. ಹೆಚ್ಚು ಕೇಳುವುದಿದ್ದರೆ ಲಾರಿಗೆ ಹಗ್ಗ ಕಟ್ಟುವ ಮುಂಚೆ ಕೇಳಿ. ವಿಮೆ ಇದ್ದರೆ ಸರ್ಟಿಫಿಕೇಟ್ ಮೊದಲು ಬರಲಿ, ಇಲ್ಲದಿದ್ದರೆ ಎಫ್‌ಒವಿ ಸಾಲನ್ನು ಆಕ್ಟ್ರಾಯ್ ಪಕ್ಕದಲ್ಲೇ ಮಣ್ಣು ಮಾಡಿ. 2007ರ ರಸ್ತೆ ಸಾಗಣೆ ಕಾಯ್ದೆಯಡಿ ನಿಮ್ಮ ನೋಂದಣಿ ಸಂಖ್ಯೆ ಇರುವ ರಸೀತಿಗೂ ಸಾಮಾನಿನ ಪಟ್ಟಿಗೂ ಇಬ್ಬರೂ ಸಹಿ ಹಾಕೋಣ. ಏನಾದರೂ ಕಳೆದರೆ, ಒಡೆದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿದ್ದೇನೆ, ಮನಸ್ತಾಪ ಬೇಡ. ಲೋಡಿಂಗ್ ಚಾರ್ಜನ್ನು ಹೊತ್ತವರ ಕೈಗೆ ನನ್ನೆದುರೇ ಎಣಿಸಿ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ಅಟ್ಟ ಇಳಿಸುತ್ತಿರುವ ಬಾಡಿಗೆದಾರ

ತಾ.ಕ.: ಇದಕ್ಕೆಲ್ಲ ಒಪ್ಪಿದರೆ ರೇಟ್ ಎಷ್ಟಾಗುತ್ತದೆ? ಬಿಲ್ ಸಮೇತ ಹೇಳಿ.